ಎಣ್ಣೆಯಿಂದ ಅನಿಲಕ್ಕೆ: ಮೈಲಾಟಿಯನ್ನು ತಲಪದ ದಾರಿ

ಕಾಸರಗೋಡಿನಿಂದ ಹೆದ್ದಾರಿ ಹಿಡಿದು ಕಾಞಂಗಾಡಿನ ಕಡೆಗೆ ಹೋಗುವವರಿಗೆ ಮೈಲಾಟಿ ಎಂಬ ಹೆಸರು ಅಪರಿಚಿತವಲ್ಲ. ಜಿಲ್ಲೆಯ ವಿದ್ಯುತ್ ಪೂರೈಕೆಗೆ ಆಧಾರವಾಗಿರುವ 220 ಕಿಲೋವೋಲ್ಟಿನ ಸಬ್‌ಸ್ಟೇಷನ್ ಇರುವುದು ಅಲ್ಲಿ. 2001ರಲ್ಲಿ ಉತ್ಪಾದನೆ ಆರಂಭಿಸಿದ, ಸುಮಾರು 20 ಮೆಗಾವಾಟ್ ಸಾಮರ್ಥ್ಯದ ಖಾಸಗಿ ಎಣ್ಣೆ ವಿದ್ಯುತ್ ಸ್ಥಾವರ ನೆಲೆಗೊಂಡದ್ದೂ ಅಲ್ಲಿಯೇ. ಈಗ ಅದೇ ಮೈಲಾಟಿಯಲ್ಲಿ 125 ಮೆಗಾವಾಟ್ ಸಾಮರ್ಥ್ಯದ ಬ್ಯಾಟರಿ ಸಂಗ್ರಹಾಗಾರದ ಯೋಜನೆ ರೂಪುಗೊಂಡಿದೆ. ಈ ಎರಡರ ನಡುವಿನ ಇಪ್ಪತ್ತು ವರ್ಷಗಳಲ್ಲಿ, ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ನೈಸರ್ಗಿಕ ಅನಿಲದ ಕೊಳವೆಯೊಂದು ನಮ್ಮ ಜಿಲ್ಲೆಯನ್ನು ತೆಂಕಣದಿಂದ ಬಡಗಣಕ್ಕೆ ಸೀಳಿಕೊಂಡು ಹೋಯಿತು.

ಆದ್ದರಿಂದ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎಣ್ಣೆ ದುಬಾರಿಯಾಯಿತು ಎಂಬ ಕಾರಣಕ್ಕೆ ಸ್ಥಾವರಗಳು ನಿಂತವು; ಎಣ್ಣೆಗಿಂತ ಅಗ್ಗವೆಂದೂ ಶುದ್ಧವೆಂದೂ ಹೇಳಲಾಗುವ ಅನಿಲ ನಮ್ಮ ತೋಟಗಳ ಅಡಿಯಲ್ಲೇ ಹರಿಯುತ್ತಿದೆ; ಹಾಗಿದ್ದರೂ ಕೇರಳದ ಎಣ್ಣೆ ಸ್ಥಾವರಗಳು ಅನಿಲಕ್ಕೆ ಬದಲಾಗಲಿಲ್ಲವೇಕೆ? ಮಕ್ಕಳಿಗೆ ಇಂಧನಗಳ ಪಾಠ ಹೇಳುವ ನಾವೂ, ಎರಡು ತಿಂಗಳಿಗೊಮ್ಮೆ ಕರೆಂಟ್ ಬಿಲ್ಲು ಕಟ್ಟುವ ರಕ್ಷಕರೂ ಇದಕ್ಕೆ ಉತ್ತರ ತಿಳಿದುಕೊಳ್ಳುವುದು ಅಗತ್ಯವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಉತ್ತರವಿರುವುದು ಯಂತ್ರಗಳಲ್ಲಿ ಅಲ್ಲ, ಕರಾರುಪತ್ರಗಳಲ್ಲಿ. ಅಂಥ ಹೊಸ ಕರಾರುಪತ್ರಗಳು ನಮ್ಮ ಊರುಗಳ ಹೆಸರಿನಲ್ಲಿ ಮತ್ತೆ ಬರೆಯಲ್ಪಡುತ್ತಿವೆ.

ಮೊದಲು ಎಣ್ಣೆಯ ಕಾಲವನ್ನು ನೆನಪಿಸಿಕೊಳ್ಳೋಣ. ಕೇರಳ ಬಹುಕಾಲ ಮಳೆಯನ್ನು ನಂಬಿದ ರಾಜ್ಯ. ಇಡುಕ್ಕಿ, ಶಬರಿಗಿರಿಯಂಥ ಜಲವಿದ್ಯುತ್ ಯೋಜನೆಗಳೇ ಅದರ ಆಸರೆ. 1990ರ ದಶಕದಲ್ಲಿ ಬೇಡಿಕೆ ಏರಿದಾಗ, ಮಳೆ ಕೈಕೊಟ್ಟ ವರ್ಷಗಳಲ್ಲಿ ಸಂಜೆಯ ಅರ್ಧ ಗಂಟೆಯ ಲೋಡ್‌ಶೆಡ್ಡಿಂಗ್ ಮನೆಮನೆಯ ಅನುಭವವಾಯಿತು. ಇಂದು ರಕ್ಷಕರಾಗಿರುವ ಅನೇಕರು ಚಿಮಿಣಿ ದೀಪದಲ್ಲಿ ಪರೀಕ್ಷೆಗೆ ಓದಿದ ಪೀಳಿಗೆಯವರು. ಕಲ್ಲಿದ್ದಲಿನ ಗಣಿ ಇಲ್ಲಿಂದ ಬಹಳ ದೂರ. ಬೇಗ ಕಟ್ಟಬಹುದಾದದ್ದು ಎಣ್ಣೆಯ ಸ್ಥಾವರ. ಕೇಂದ್ರ ಸರಕಾರವೂ ಆಗ ದ್ರವ ಇಂಧನದ ಸ್ಥಾವರಗಳಿಗೆ ಉತ್ತೇಜನ ನೀಡುತ್ತಿತ್ತು. ಕೊಚ್ಚಿಯ ಬಳಿ ಬ್ರಹ್ಮಪುರದಲ್ಲಿ, ಕೋಝಿಕ್ಕೋಡಿನ ನಲ್ಲಳದಲ್ಲಿ ವಿದ್ಯುತ್ ಮಂಡಳಿ ತಾನೇ ಡೀಸೆಲ್ ಸ್ಥಾವರಗಳನ್ನು ಕಟ್ಟಿತು. ಕಾಯಂಕುಳದಲ್ಲಿ ಎನ್‌ಟಿಪಿಸಿ ಸುಮಾರು 360 ಮೆಗಾವಾಟಿನ ನಾಫ್ತಾ ಸ್ಥಾವರ ಸ್ಥಾಪಿಸಿತು. ಕೊಚ್ಚಿಯಲ್ಲಿ ಖಾಸಗಿ ನಾಫ್ತಾ ಸ್ಥಾವರವೊಂದು ಎದ್ದಿತು. ಆ ಸಾಲಿನ ಕಿರಿಯ, ಬಡಗಣ ತುದಿಯ ಸದಸ್ಯ ಮೈಲಾಟಿ.

ಈ ಸ್ಥಾವರಗಳು ಕಟ್ಟಿ ಮುಗಿಯುವಷ್ಟರಲ್ಲಿ ಎಣ್ಣೆಯ ಬೆಲೆ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿತ್ತು. ಎಣ್ಣೆಯಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಇಂಧನದ ಖರ್ಚೇ ಹತ್ತು ರೂಪಾಯಿ ಮೀರಿದ ವರ್ಷಗಳಿದ್ದವು. ಹೊರ ರಾಜ್ಯದ ಕಲ್ಲಿದ್ದಲು ವಿದ್ಯುತ್ತು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ತಂತಿಯಲ್ಲಿ ಹರಿದು ಬರುತ್ತಿರುವಾಗ ಯಾವ ಮಂಡಳಿಯೂ ಎಣ್ಣೆಯ ಯಂತ್ರವನ್ನು ಚಾಲೂ ಮಾಡುವುದಿಲ್ಲ. ಯಂತ್ರಗಳು ತುರ್ತಿಗೆಂದು ಕಾದು ಕುಳಿತವು. ಬಳಿಕ ಕಾಯುವುದೇ ಅವುಗಳ ಕೆಲಸವಾಯಿತು.

ಇಲ್ಲಿಯೇ ಅನಿಲದ ಮಾತು ಬರುತ್ತದೆ. ಕೊಚ್ಚಿಯ ಪುದುವೈಪಿನಲ್ಲಿ ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ದ್ರವೀಕೃತ ಅನಿಲದ ಟರ್ಮಿನಲ್ 2013ರಲ್ಲಿ ಆರಂಭವಾಯಿತು. ಹಡಗಿನಲ್ಲಿ ಬರುವ ಅನಿಲವನ್ನು ಸುಮಾರು ಸೊನ್ನೆಗಿಂತ 160 ಡಿಗ್ರಿ ಸೆಲ್ಸಿಯಸ್ ಕೆಳಗೆ ತಂಪಾಗಿಸಿ ದ್ರವವಾಗಿ ಇಟ್ಟಿರುತ್ತಾರೆ. ದಡದಲ್ಲಿ ಅದನ್ನು ಮತ್ತೆ ಬೆಚ್ಚಗಾಗಿಸಿ ಕೊಳವೆಗೆ ಬಿಡುತ್ತಾರೆ. ಟರ್ಮಿನಲ್ ಸಿದ್ಧವಿತ್ತು, ಕೊಳವೆ ಇರಲಿಲ್ಲ. ಹೀಗಾಗಿ ಆರಂಭದ ವರ್ಷಗಳಲ್ಲಿ ಅದರ ಸಾಮರ್ಥ್ಯದ ಹತ್ತನೆಯ ಒಂದು ಪಾಲೂ ಬಳಕೆಯಾಗಲಿಲ್ಲ. ಕೊಳವೆಯ ಕೆಲಸ ನಿಂತು, ಗುತ್ತಿಗೆಗಳು ರದ್ದಾಗಿ, 2016ರ ಬಳಿಕ ಮತ್ತೆ ಚುರುಕುಗೊಂಡಿತು. ಕೊನೆಗೆ ಉಳಿದ ದೊಡ್ಡ ತೊಡಕು ನಮ್ಮದೇ ಚಂದ್ರಗಿರಿ ಹೊಳೆ. ಹೊಳೆಯ ತಳದಡಿಯಲ್ಲಿ ಕೊರೆದು ಕೊಳವೆ ದಾಟಿಸುವ ಕೆಲಸ ಮುಗಿದದ್ದು 2020ರ ನವೆಂಬರಿನಲ್ಲಿ. 2021ರ ಜನವರಿ 5ರಂದು, ಸುಮಾರು 3,000 ಕೋಟಿ ರೂಪಾಯಿ ವೆಚ್ಚದ 450 ಕಿಲೋಮೀಟರ್ ಉದ್ದದ ಈ ಮಾರ್ಗವನ್ನು ಪ್ರಧಾನಿ ಉದ್ಘಾಟಿಸಿದರು.

ಎಣ್ಣೆಯ ಸ್ಥಾವರವನ್ನು ಅನಿಲಕ್ಕೆ ತಿರುಗಿಸುವುದೆಂದರೆ ಏನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಸಾಮಾನ್ಯ ಮಾತಿನಲ್ಲಿ ಎಲ್ಲವನ್ನೂ ಎಣ್ಣೆ ಸ್ಥಾವರ ಎಂದು ಕರೆದರೂ ಇವು ಎರಡು ಜಾತಿಯವು. ಕಾಯಂಕುಳದ್ದು ಟರ್ಬೈನು. ಉರಿದ ಬಿಸಿಗಾಳಿ ಚಕ್ರದ ಅಲಗುಗಳನ್ನು ತಿರುಗಿಸುತ್ತದೆ, ಉಳಿದ ಬಿಸಿಯಿಂದ ಆವಿ ಹುಟ್ಟಿಸಿ ಇನ್ನೊಂದು ಚಕ್ರ ತಿರುಗಿಸುತ್ತಾರೆ. ಇಂಥ ಯಂತ್ರಕ್ಕೆ ನಾಫ್ತಾ ಆದರೂ ಅನಿಲ ಆದರೂ ದೊಡ್ಡ ವ್ಯತ್ಯಾಸವಿಲ್ಲ. ಉರಿಯುವ ಜಾಗದ ನಳಿಗೆಗಳನ್ನೂ ಇಂಧನದ ಕೊಳವೆಗಳನ್ನೂ ಬದಲಾಯಿಸಿದರೆ ಬಹುಪಾಲು ಕೆಲಸ ಮುಗಿಯಿತು. ಬ್ರಹ್ಮಪುರ, ನಲ್ಲಳ, ಮೈಲಾಟಿಯದು ಎಂಜಿನು, ಅಂದರೆ ಹಡಗಿನಲ್ಲಿರುವಂಥ ಬೃಹತ್ ಡೀಸೆಲ್ ಎಂಜಿನು. ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಏರುವ ಬಿಸಿಗೇ ಎಣ್ಣೆ ಹತ್ತಿಕೊಳ್ಳುತ್ತದೆ. ಮೀಥೇನ್ ಅಷ್ಟು ಸುಲಭವಾಗಿ ಹಾಗೆ ಹತ್ತಿಕೊಳ್ಳುವುದಿಲ್ಲ. ಆದ್ದರಿಂದ ಒಂದೋ ಸ್ವಲ್ಪ ಡೀಸೆಲನ್ನು ಚಿಮ್ಮಿಸಿ ಅದರ ಉರಿಯಿಂದ ಅನಿಲವನ್ನು ಹೊತ್ತಿಸಬೇಕು, ಇಲ್ಲವೇ ಕಿಡಿಯ ವ್ಯವಸ್ಥೆಯನ್ನೇ ಹೊಸದಾಗಿ ಕೂರಿಸಬೇಕು. ಸಿಲಿಂಡರಿನ ತಲೆ, ಪಿಸ್ಟನ್, ನಿಯಂತ್ರಣ ಯಂತ್ರ, ಸೋರಿಕೆ ಪತ್ತೆಹಚ್ಚುವ ಉಪಕರಣ, ಕಟ್ಟಡದ ಗಾಳಿಯಾಟ ಎಲ್ಲವೂ ಮರುನಿರ್ಮಾಣ. ಇದು ಸಾಧ್ಯವಿಲ್ಲದ ಕೆಲಸವೇನಲ್ಲ; ಲೋಕದಲ್ಲಿ ಅನೇಕ ಕಡೆ ನಡೆದಿದೆ. ಆದರೆ ಇಪ್ಪತ್ತು ವರ್ಷ ಹಳೆಯ ಯಂತ್ರಕ್ಕೆ ಅಷ್ಟು ಹಣ ಹಾಕುವವರು, ಮುಂದಿನ ಹದಿನೈದು ವರ್ಷ ವಿದ್ಯುತ್ತನ್ನು ಖರೀದಿಸುವ ಭರವಸೆ ಕೇಳುತ್ತಾರೆ.

ವಿಚಿತ್ರವೆಂದರೆ, ಬದಲಾವಣೆಗೆ ಅತಿ ಸುಲಭವಾಗಿದ್ದ ಕಾಯಂಕುಳಕ್ಕೆ ಕೊಳವೆ ತಲಪಲೇ ಇಲ್ಲ. ಕೊಳವೆ ಹೋದ ಕೋಝಿಕ್ಕೋಡು, ಕಾಸರಗೋಡುಗಳಲ್ಲಿ ಇದ್ದದ್ದು ಬದಲಾವಣೆಗೆ ಕಷ್ಟವಾದ ಎಂಜಿನುಗಳು.

ಇನ್ನು ಲೆಕ್ಕ. ಅನಿಲವನ್ನು ಮಾರುವುದು ಘನ ಅಡಿಯಲ್ಲಿ ಅಲ್ಲ, ಅದು ಕೊಡುವ ಬಿಸಿಯ ಲೆಕ್ಕದಲ್ಲಿ. ಹತ್ತು ಲಕ್ಷ ಬ್ರಿಟಿಷ್ ಉಷ್ಣಮಾನಗಳನ್ನು ಒಂದು ಘಟಕವಾಗಿ ಹಿಡಿದು ಅದಕ್ಕೆ ಇಂತಿಷ್ಟು ಡಾಲರ್ ಎನ್ನುತ್ತಾರೆ. ಅಷ್ಟು ಬಿಸಿಯಲ್ಲಿ ಅಡಗಿರುವುದು 293 ಯೂನಿಟ್‌ಗಳಷ್ಟು ಶಕ್ತಿ. ಇಂಥ ಸ್ಥಾವರ ಅದರ ಅರ್ಧಕ್ಕಿಂತ ತುಸು ಕಡಿಮೆಯನ್ನು, ಅಂದರೆ ಸುಮಾರು 130 ಯೂನಿಟ್‌ಗಳನ್ನು, ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ, ಅನಿಲದ ಬೆಲೆಯಲ್ಲಿ ಒಂದೊಂದು ಡಾಲರ್ ಏರಿಕೆಗೂ ಯೂನಿಟ್ಟಿನ ಖರ್ಚು ಸುಮಾರು 65 ಪೈಸೆ ಏರುತ್ತದೆ. ಹತ್ತು ಡಾಲರಿನ ಅನಿಲವೆಂದರೆ ಇಂಧನದ ಖರ್ಚೇ ಆರೂವರೆ ರೂಪಾಯಿ. ಅದರ ಮೇಲೆ ಕೊಳವೆಯ ಬಾಡಿಗೆ, ತೆರಿಗೆ, ಸ್ಥಾವರದ ಬಂಡವಾಳದ ಬಡ್ಡಿ. ಹತ್ತನೆಯ ತರಗತಿಯ ಮಕ್ಕಳು ಮಾಡಬಹುದಾದ ಗಣಿತವಿದು, ಮಾಡಿಸಿ ನೋಡಬಹುದು.

ಈ ಡಾಲರಿನ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದೇ ಮುಖ್ಯ ಸಂಗತಿ. 2020ರಲ್ಲಿ, ಕೊರೋನಾ ಕಾಲದಲ್ಲಿ, ಏಷ್ಯಾದ ತತ್‌ಕ್ಷಣದ ಮಾರುಕಟ್ಟೆಯಲ್ಲಿ ದ್ರವೀಕೃತ ಅನಿಲದ ಬೆಲೆ ಎರಡು ಡಾಲರಿಗಿಂತ ಕೆಳಗೆ ಇಳಿದಿತ್ತು. ಆಗ ಕೊಳವೆ ಚಂದ್ರಗಿರಿಯ ದಡದಲ್ಲಿ ನಿಂತಿತ್ತು. ಉದ್ಘಾಟನೆಯಾದ ಅದೇ ಜನವರಿಯಲ್ಲಿ, ಚಳಿಗಾಲದ ಬೇಡಿಕೆಯಿಂದಾಗಿ ಬೆಲೆ 30 ಡಾಲರ್ ದಾಟಿತು. ಮರುವರ್ಷ ಉಕ್ರೇನ್ ಯುದ್ಧ ಆರಂಭವಾದಾಗ 50 ಡಾಲರನ್ನೂ ಮೀರಿತು. ದೀರ್ಘಾವಧಿಯ ಕರಾರಿನಡಿ ಬರುವ ಅನಿಲ, ಉದಾಹರಣೆಗೆ ಆಸ್ಟ್ರೇಲಿಯದ ಗೋರ್ಗನ್ ಯೋಜನೆಯಿಂದ ಕೊಚ್ಚಿಗೆಂದು ಗೊತ್ತುಪಡಿಸಿದ ಅನಿಲ, ಇಷ್ಟು ಕುಣಿಯುವುದಿಲ್ಲ. ಆದರೆ ಅಂಥ ಕರಾರುಗಳ ಬೆಲೆ ಸಾಮಾನ್ಯವಾಗಿ ಕಚ್ಚಾ ಎಣ್ಣೆಯ ಬೆಲೆಗೆ ಗಂಟುಹಾಕಿಕೊಂಡಿರುತ್ತದೆ. ಎಣ್ಣೆಯಿಂದ ಬಿಡುಗಡೆ ಬೇಕೆಂದು ಅನಿಲದ ಕಡೆಗೆ ಹೋದರೆ, ಅಲ್ಲಿಯೂ ಎಣ್ಣೆಯ ನೆರಳೇ ಕಾಯುತ್ತಿರುತ್ತದೆ. ಜೊತೆಗೆ ಇಂಥ ಕರಾರುಗಳಲ್ಲಿ ಇನ್ನೊಂದು ಷರತ್ತು ಸಾಮಾನ್ಯ: ಒಪ್ಪಿದಷ್ಟು ಅನಿಲವನ್ನು ತೆಗೆದುಕೊಳ್ಳಬೇಕು, ತೆಗೆದುಕೊಳ್ಳದಿದ್ದರೂ ಹಣ ಕಟ್ಟಬೇಕು. ಸಂಜೆಯ ನಾಲ್ಕು ಗಂಟೆಗಳಿಗೆ ಮಾತ್ರ ವಿದ್ಯುತ್ ಬೇಕಾದ ರಾಜ್ಯಕ್ಕೆ ವರ್ಷವಿಡೀ ಅನಿಲ ಕೊಳ್ಳುವ ಈ ಷರತ್ತು ಭಾರವೇ ಸರಿ.

ಹಾಗಾದರೆ ಎಣ್ಣೆಯಿಂದ ಅನಿಲಕ್ಕೆ ಯಾರೂ ಹೋಗಲಿಲ್ಲವೇ? ಹೋದರು. ಗಡಿ ದಾಟಿ ಪಣಂಬೂರಿಗೆ ಬರೋಣ. 1976ರಿಂದ ಅಲ್ಲಿ ರಸಗೊಬ್ಬರ ತಯಾರಿಸುತ್ತಿರುವ ಎಂಸಿಎಫ್ ಕಾರ್ಖಾನೆ ನಾಫ್ತಾದಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ ಮಾಡುತ್ತಿತ್ತು. ನಮ್ಮ ಜಿಲ್ಲೆಯ ಕೃಷಿಕರಿಗೂ ಪರಿಚಿತವಾದ 'ಮಂಗಳ' ಹೆಸರಿನ ಚೀಲ ಅಲ್ಲಿಯದೇ. ಕೊಳವೆ ಮಂಗಳೂರು ತಲಪಿದೊಡನೆ ಆ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲಕ್ಕೆ ತಿರುಗಿತು. ಕೊಚ್ಚಿಯ ಫ್ಯಾಕ್ಟ್ ಇನ್ನೂ ಮೊದಲೇ ತಿರುಗಿತ್ತು. ಚೆನ್ನೈಯ ಮಣಲಿ, ತೂತ್ತುಕುಡಿಯ ಯೂರಿಯಾ ಕಾರ್ಖಾನೆಗಳೂ ಅದೇ ದಾರಿ ಹಿಡಿದವು.

ಅದೇ ಅನಿಲ, ಅದೇ ಕೊಳವೆ, ಅದೇ ಡಾಲರು. ಗೊಬ್ಬರದ ಕಾರ್ಖಾನೆಗೆ ಸಾಧ್ಯವಾದದ್ದು ವಿದ್ಯುತ್ ಸ್ಥಾವರಕ್ಕೆ ಸಾಧ್ಯವಾಗದಿರಲು ಕಾರಣ, ಬೆಲೆ ಏರಿದಾಗ ಹೊರೆ ಹೊರುವವರು ಬೇರೆ ಬೇರೆ. ಯೂರಿಯಾದ ಮಾರಾಟದ ಬೆಲೆಯನ್ನು ಕೇಂದ್ರ ಸರಕಾರ ನಿಗದಿಪಡಿಸುತ್ತದೆ, ತಯಾರಿಕೆಯ ಖರ್ಚಿಗೂ ಆ ಬೆಲೆಗೂ ಇರುವ ಅಂತರವನ್ನು ಸಬ್ಸಿಡಿಯಾಗಿ ತುಂಬಿಕೊಡುತ್ತದೆ. 2015ರಿಂದ ಕೊಳವೆಜಾಲಕ್ಕೆ ಸೇರಿದ ಯೂರಿಯಾ ಕಾರ್ಖಾನೆಗಳಿಗೆ ದೇಶೀಯ ಅನಿಲವನ್ನೂ ಆಮದು ಅನಿಲವನ್ನೂ ಬೆರೆಸಿ ಏಕರೂಪದ ಬೆಲೆ ಕಟ್ಟುವ ಏರ್ಪಾಡೂ ಇದೆ. ನಾಫ್ತಾಕ್ಕಿಂತ ಅನಿಲದಿಂದ ಸಬ್ಸಿಡಿಯ ಹೊರೆ ಇಳಿಯುತ್ತದೆ ಎಂಬ ಲೆಕ್ಕ ದಿಲ್ಲಿಗೆ ಸ್ಪಷ್ಟವಾಗಿತ್ತು. ಇತ್ತ ಕೇರಳದ ವಿದ್ಯುತ್ತಿಗೆ ಅಂಥ ಕಾವಲು ಇರಲಿಲ್ಲ. ಅನಿಲದ ಬೆಲೆ ಏರಿದರೆ ಅದು ಮಂಡಳಿಯ ಖರ್ಚಾಗಿ, ಇಂಧನ ಸರ್‌ಚಾರ್ಜ್ ಎಂಬ ಸಾಲಾಗಿ, ನಮ್ಮ ಬಿಲ್ಲಿನಲ್ಲಿ ಬಂದು ಕೂರುತ್ತಿತ್ತು. ಒಂದು ಮಟ್ಟಿಗೆ ಮಂಡಳಿ ಅನಿಲದ ಹಿಂದೆ ಹೋಗದಿದ್ದುದು ನಮ್ಮ ಅದೃಷ್ಟವೆಂದೇ ನಾವು ಹೇಳುತ್ತೇವೆ. 2022ರ ಬೆಲೆಗೆ ಅನಿಲ ಸುಡಬೇಕಾಗಿ ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ಮೇಲಿನ ಲೆಕ್ಕದಿಂದ ಯಾರೂ ಊಹಿಸಬಹುದು.

ಆದರೆ ಎಣ್ಣೆಯ ಕಾಲದ ಕರಾರುಗಳು ಸುಮ್ಮನೆ ಮುಗಿಯಲಿಲ್ಲ. ಕಾಯಂಕುಳದ ಸ್ಥಾವರ ವರ್ಷಗಳ ಕಾಲ ಒಂದು ಯೂನಿಟ್ಟೂ ಉತ್ಪಾದಿಸದೆ ನಿಂತಿದ್ದಾಗಲೂ ವಿದ್ಯುತ್ ಮಂಡಳಿ ಅದಕ್ಕೆ ಫಿಕ್ಸೆಡ್ ಚಾರ್ಜ್ ಕಟ್ಟುತ್ತಿತ್ತು. ಆ ಮೊತ್ತ ವರ್ಷಕ್ಕೆ ನೂರಾರು ಕೋಟಿಯಲ್ಲಿತ್ತು, ವಾದ-ಮಾತುಕತೆಗಳ ಬಳಿಕ ಕಡಿಮೆಯಾಗುತ್ತ ಬಂತು. ಸ್ಥಾವರ ಓಡಲಿ ಬಿಡಲಿ, ಕಟ್ಟಿದ್ದಕ್ಕೆ ಕೊಡಬೇಕಾದ ಹಣವದು. ಮದುವೆಗೆಂದು ಹಾಲ್ ಗೊತ್ತುಮಾಡಿ ಮದುವೆ ಮುಂದೂಡಿದರೂ ಬಾಡಿಗೆ ಕಟ್ಟುವಂತೆ. ಅದೇ ಕಾಯಂಕುಳದ ಹಿನ್ನೀರಿನ ಮೇಲೆ 2022ರಲ್ಲಿ 92 ಮೆಗಾವಾಟಿನ ತೇಲುವ ಸೌರಘಟಕ ಬಂತು. ನಾಫ್ತಾದ ಚಿಮಣಿ ತಣ್ಣಗೆ ನಿಂತಿರುವಾಗ ಅದರ ಮಗ್ಗುಲಲ್ಲಿ ನೀರಿನ ಮೇಲೆ ಫಲಕಗಳು ವಿದ್ಯುತ್ ಉತ್ಪಾದಿಸುತ್ತಿರುವ ದೃಶ್ಯ, ಈ ಇಡೀ ಚರಿತ್ರೆಯನ್ನು ಒಂದೇ ಚಿತ್ರದಲ್ಲಿ ತೋರಿಸಬಲ್ಲದು.

ನಮ್ಮ ಜಿಲ್ಲೆಯಲ್ಲಿಯೂ ಇದಕ್ಕೆ ಸಾಟಿಯಾದ ಚಿತ್ರವಿದೆ. ಚೀಮೇನಿಯಲ್ಲಿ ಮೊದಲು ಕಲ್ಲಿದ್ದಲಿನ, ಬಳಿಕ ಅನಿಲದ ದೊಡ್ಡ ವಿದ್ಯುತ್ ಸ್ಥಾವರದ ಪ್ರಸ್ತಾಪಗಳು ಬಂದವು. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆನಪು ಹಸಿಯಾಗಿರುವ ನಾಡಿದು. 'ಯಾವ ಅಪಾಯವೂ ಇಲ್ಲ' ಎಂಬ ಮಾತನ್ನು ಇಲ್ಲಿಯವರು ಸುಲಭವಾಗಿ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆ ಸ್ಥಾವರಗಳು ಬರಲಿಲ್ಲ. ಬಂದದ್ದು ಸೂರ್ಯನ ವಿದ್ಯುತ್ತು. ಅಂಬಲತ್ತರದಲ್ಲಿ 50 ಮೆಗಾವಾಟ್. ಬಳಿಕ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆಯಲ್ಲಿ ಮತ್ತೊಂದು 50 ಮೆಗಾವಾಟ್. ಎರಡನೆಯದನ್ನು 2021ರ ಫೆಬ್ರವರಿಯಲ್ಲಿ, ಅಂದರೆ ಅನಿಲ ಕೊಳವೆಯ ಉದ್ಘಾಟನೆಯಾದ ಒಂದೂವರೆ ತಿಂಗಳಿಗೆ, ಪ್ರಧಾನಿಯವರೇ ಉದ್ಘಾಟಿಸಿದರು. ದೇಶದ ದೊಡ್ಡ ಸೌರ ಹರಾಜುಗಳಲ್ಲಿ ಯೂನಿಟ್ ದರ ಮೂರು ರೂಪಾಯಿಗಿಂತ ಕೆಳಗಿಳಿದು ವರ್ಷಗಳಾದವು. ಅನಿಲಕ್ಕೆ ಸೋಲು ಬಂದದ್ದು ಈ ಕಡೆಯಿಂದ.

ಸೂರ್ಯನಿಗೆ ಒಂದು ದೋಷ, ನಮಗೆ ಬೇಕಾದ ಹೊತ್ತಿಗೆ ಆತ ಮುಳುಗಿರುತ್ತಾನೆ. ಕೇರಳದ ಬೇಡಿಕೆ ಶಿಖರ ಮುಟ್ಟುವುದು ಸಂಜೆ 6ರಿಂದ ರಾತ್ರಿಯ ತನಕ. 2024ರ ಮೇ ತಿಂಗಳ ಸೆಕೆಯಲ್ಲಿ ಆ ಶಿಖರ 5,700 ಮೆಗಾವಾಟ್ ದಾಟಿತು. ಒಂದು ಕಾಲಕ್ಕೆ ಈ ಹೊತ್ತನ್ನು ತುಂಬಲೆಂದೇ ಎಣ್ಣೆ ಸ್ಥಾವರಗಳು ಬಂದವು. ಅನಿಲ ಬೇಕೆಂಬವರ ವಾದವೂ ಈ ಹೊತ್ತಿನ ಕುರಿತದ್ದೇ. ಈಗ ಅದೇ ಕೆಲಸಕ್ಕೆ ಬ್ಯಾಟರಿ. ಮೈಲಾಟಿಯ ಯೋಜನೆ 125 ಮೆಗಾವಾಟನ್ನು ನಾಲ್ಕು ಗಂಟೆ ಕೊಡಬಲ್ಲದು. ಅಂದರೆ ಒಮ್ಮೆ ತುಂಬಿದರೆ 5 ಲಕ್ಷ ಯೂನಿಟ್. ಹಳೆಯ ಎಣ್ಣೆ ಸ್ಥಾವರ ಅದೇ ನಾಲ್ಕು ಗಂಟೆಗಳಲ್ಲಿ ಕೊಡಬಹುದಾಗಿದ್ದುದು ಸುಮಾರು 80 ಸಾವಿರ ಯೂನಿಟ್. ಮುಳ್ಳೇರಿಯದ ಸಬ್‌ಸ್ಟೇಷನ್ನಿನಲ್ಲಿಯೂ 15 ಮೆಗಾವಾಟಿನ ಚಿಕ್ಕ ಘಟಕವೊಂದು ಇನ್ನೊಂದು ಯೋಜನೆಯಡಿ ಸೇರಿದೆ. ಎಣ್ಣೆಯಿಂದ ಅನಿಲಕ್ಕೆ ದಾಟಬೇಕಾಗಿದ್ದ ಊರು, ಅನಿಲದ ಮೆಟ್ಟಿಲನ್ನು ಹಾರಿ ನೇರವಾಗಿ ಬ್ಯಾಟರಿಗೆ ಕಾಲಿಡುತ್ತಿದೆ.

ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಣ್ಣು ಮುಚ್ಚಿ ಅಲ್ಲ. ಬ್ಯಾಟರಿ ವಿದ್ಯುತ್ ಉತ್ಪಾದಿಸುವುದಿಲ್ಲ, ಇಟ್ಟು ಕೊಡುತ್ತದೆ. ಇಟ್ಟದ್ದರಲ್ಲಿ ಸುಮಾರು ಏಳನೆಯ ಒಂದು ಪಾಲು ಮರಳಿ ಬರುವುದಿಲ್ಲ. ಮೆಗಾವಾಟಿಗೆ ತಿಂಗಳಿಗೆ ಇಂತಿಷ್ಟು ಎಂಬ ಬಾಡಿಗೆಯ ರೂಪದಲ್ಲಿ ಅದರ ಕರಾರು ಇರುತ್ತದೆ. ಕಾಯಂಕುಳದ ಫಿಕ್ಸೆಡ್ ಚಾರ್ಜಿಗೆ ಇದು ದೂರದ ನಂಟು. ವ್ಯತ್ಯಾಸವಿರುವುದು ಇಂಧನದಲ್ಲಿ: ಇಲ್ಲಿ ತುಂಬುವುದು ಹಗಲಿನ ಅಗ್ಗದ ವಿದ್ಯುತ್ತು, ಉಕ್ರೇನಿನ ಯುದ್ಧಕ್ಕೆ ಹೆದರಬೇಕಾಗಿಲ್ಲ. ಆದರೂ ವರ್ಷ ಕಳೆದಂತೆ ಬ್ಯಾಟರಿಯ ಶಕ್ತಿ ಕುಂದುತ್ತದೆ. ಕುಂದಿದರೆ ಬಾಡಿಗೆ ಇಳಿಯುತ್ತದೆಯೇ, ಬೆಂಕಿ ಅವಘಡವಾದರೆ ಹೊಣೆ ಯಾರದು, ಅವಧಿ ಮುಗಿದ ಬಳಿಕ ಆ ರಾಶಿ ಬ್ಯಾಟರಿಗಳನ್ನು ಎಲ್ಲಿಗೆ ಒಯ್ಯುತ್ತಾರೆ ಎಂಬ ಪ್ರಶ್ನೆಗಳನ್ನು ಈಗಲೇ ಕೇಳಬೇಕು. ಕೇಳಲು ಸ್ಥಳವೂ ಇದೆ. ವಿದ್ಯುತ್ ಖರೀದಿಯ ಕರಾರುಗಳಿಗೂ ದರಕ್ಕೂ ಒಪ್ಪಿಗೆ ನೀಡುವುದು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಪರಿಷ್ಕರಣೆಗೆ ಮುನ್ನ ಅದು ಸಾರ್ವಜನಿಕ ಅಹವಾಲು ನಡೆಸುತ್ತದೆ, ಬರಹದ ಅಭಿಪ್ರಾಯವನ್ನೂ ಸ್ವೀಕರಿಸುತ್ತದೆ. ಅಹವಾಲನ್ನು ತನ್ನ ಭಾಷೆಯಲ್ಲೇ ಸಲ್ಲಿಸುವ ಹಕ್ಕು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟದ್ದು. ಕನ್ನಡದಲ್ಲಿ ಬರೆದ ಅರ್ಜಿಗಳು ಅಲ್ಲಿಗೆ ಹೋಗಲಿ. ಹೋಗದಿದ್ದರೆ ಕನ್ನಡದಲ್ಲಿ ಉತ್ತರಿಸುವ ಅಗತ್ಯ ಯಾರಿಗೂ ಕಾಣಿಸುವುದಿಲ್ಲ.

ವಿದ್ಯುತ್ತಿಗೆ ಬಾರದ ಅನಿಲ ನಮ್ಮ ನೆಲದಲ್ಲಂತೂ ಇದೆ. ಆದ್ದರಿಂದ ನೆಲದ ಮಾತನ್ನೂ ಆಡಬೇಕು. ಕೊಳವೆಗಾಗಿ ಭೂಮಿ ಪಡೆದದ್ದು 1962ರ ಪೆಟ್ರೋಲಿಯಂ ಕೊಳವೆ ಕಾಯಿದೆಯ ಬಲದಿಂದ. ಈ ಕಾಯಿದೆಯಲ್ಲಿ ಭೂಮಿಯ ಒಡೆತನ ಕೃಷಿಕನಲ್ಲೇ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಕಂಪೆನಿಗೆ. ಕೇಳಲು ಹಗುರವಾದ ಮಾತು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಭತ್ತ, ತರಕಾರಿ ಬೆಳೆಯಬಹುದು. ಬಯಲುಸೀಮೆಯಲ್ಲಿ ಇದು ಸಣ್ಣ ನಷ್ಟವಾಗಬಹುದು. ಐವತ್ತು ಸೆಂಟ್ಸಿನಲ್ಲಿ ಮನೆ, ಬಾವಿ, ತೆಂಗು, ಕಂಗು ಎಲ್ಲವನ್ನೂ ಹೊಂದಿಸಿಕೊಂಡ ಕರಾವಳಿಯ ಕುಟುಂಬಕ್ಕೆ ತೋಟವೇ ಹೋದಂತೆ. ಕಾಯಿದೆ ಹೇಳುವ ಪರಿಹಾರ ಮಾರುಕಟ್ಟೆ ಬೆಲೆಯ ಶೇಕಡಾ 10, ಜೊತೆಗೆ ಬೆಳೆನಷ್ಟ. 2017ರಲ್ಲಿ ಕೋಝಿಕ್ಕೋಡಿನ ಮುಕ್ಕಂ ಪರಿಸರದಲ್ಲಿ ಜನ ಬೀದಿಗಿಳಿದ ಬಳಿಕ ಕೇರಳದಲ್ಲಿ ಪರಿಹಾರ ಹೆಚ್ಚಿತು. ಇದೇ ಜಾಲದ ಇನ್ನೊಂದು ಕವಲು ಬೆಂಗಳೂರಿನತ್ತ ಹೋಗುವಾಗ ಹೊಸೂರು ಸೀಮೆಯ ಕೃಷ್ಣಗಿರಿ ಜಿಲ್ಲೆಯೂ ಸೇರಿದಂತೆ ತಮಿಳುನಾಡಿನ ಏಳು ಜಿಲ್ಲೆಗಳ ರೈತರು ವಿರೋಧಿಸಿದರು. 2016ರಲ್ಲಿ ಸುಪ್ರೀಂ ಕೋರ್ಟು ಯೋಜನೆಯ ಪರವಾಗಿ ತೀರ್ಪಿತ್ತಿತು.

ಆಕ್ಷೇಪ ಸಲ್ಲಿಸಲು ಆ ಕಾಯಿದೆ ಕೊಡುವ ಸಮಯ, ಗೆಜೆಟ್ ಪ್ರಕಟಣೆಯಿಂದ 21 ದಿನ. ಗೆಜೆಟ್ ಓದುವ ಅಭ್ಯಾಸ ಯಾವ ಕೃಷಿಕನಿಗಿದೆ? ಊರಿನಲ್ಲಿ ಅಂಟಿಸಿದ ನೋಟೀಸು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಕನ್ನಡ ಮಾತ್ರ ಓದಬಲ್ಲ ಅಜ್ಜನೊಬ್ಬ ಅದನ್ನು ಇನ್ನೊಬ್ಬರಿಂದ ಓದಿಸಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಆ ದಿನಗಳು ಮುಗಿಯುತ್ತವೆ. ಭಾಷೆಯ ಹಕ್ಕು ಶಾಲೆಯ ಗೋಡೆಯೊಳಗಿನ ಸಂಗತಿಯಷ್ಟೇ ಎಂದು ತಿಳಿದವರು ಈ 21 ದಿನಗಳ ಬಗ್ಗೆ ಯೋಚಿಸಬೇಕು. ಉಡುಪಿಯಿಂದ ಕರಿಂದಳಕ್ಕೆ ಬರುತ್ತಿರುವ 400 ಕಿಲೋವೋಲ್ಟ್ ತಂತಿಮಾರ್ಗದ ವಿಷಯದಲ್ಲಿ ಗಡಿಯ ಆಚೆ-ಈಚೆ ಎರಡೂ ಕಡೆಯ ಕೃಷಿಕರು ದನಿಯೆತ್ತಿದ್ದಾರೆ. ಅಲ್ಲಿಯೂ ಪ್ರಶ್ನೆ ಇದೇ, ತಂತಿಯಡಿಯ ಭೂಮಿ ಯಾರದು, ಬೆಲೆ ಎಷ್ಟು.

ಸುರಕ್ಷೆಯ ಕುರಿತು ಒಂದೆರಡು ಮಾತು, ಏಕೆಂದರೆ ಇದರಲ್ಲಿ ಗಾಳಿಸುದ್ದಿಯೇ ಹೆಚ್ಚು. 2014ರ ಜೂನಿನಲ್ಲಿ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಗೇಲ್ ಸಂಸ್ಥೆಯ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಮಿಕ್ಕಿ ಜನ ಸತ್ತದ್ದು ನಿಜ. ತೇವಾಂಶ ತೆಗೆಯದ ಅನಿಲದಿಂದ ತುಕ್ಕು ಹಿಡಿದ ಹಳೆಯ ಕೊಳವೆಯಾಗಿತ್ತದು. ನಿಗಾ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ. ಹಾಗೆಂದು ಕೊಳವೆಯಿಲ್ಲದಿದ್ದರೆ ಅಪಾಯವಿಲ್ಲ ಎನ್ನುವಂತಿಲ್ಲ. 2012ರಲ್ಲಿ ಕಣ್ಣೂರಿನ ಚಾಲದಲ್ಲಿ, 2013ರಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಜೀವ ತೆಗೆದದ್ದು ಹೆದ್ದಾರಿಯಲ್ಲಿ ಉರುಳಿದ ಅಡುಗೆ ಅನಿಲದ ಟ್ಯಾಂಕರು. ಅಂಥ ಟ್ಯಾಂಕರುಗಳು ನಮ್ಮ ಶಾಲೆಗಳ ಮುಂದೆಯೇ ನಿತ್ಯ ಹಾದುಹೋಗುತ್ತವೆ.

ಮಕ್ಕಳಿಗೆ ತಿಳಿಸಲೇಬೇಕಾದ ವ್ಯತ್ಯಾಸವೊಂದಿದೆ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಕೊಳವೆಯ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಸೋರಿದರೆ ಮೇಲೇರುತ್ತದೆ, ಮುಚ್ಚಿದ ಕೋಣೆಯಾದರೆ ಮಾಡಿನ ಕೆಳಗೆ ಕಟ್ಟಿಕೊಳ್ಳುತ್ತದೆ. ಕಿಟಕಿಯನ್ನು ಎತ್ತರದಲ್ಲಿಯೂ ತೆರೆದಿಡಬೇಕೆನ್ನುವುದು ಇದಕ್ಕಾಗಿ. ಮೀಥೇನಿಗೆ ತನ್ನದೇ ವಾಸನೆಯಿಲ್ಲ. ಮನೆಗಳಿಗೆ ಕೊಡುವ ಅನಿಲಕ್ಕೆ ವಾಸನೆಯ ದ್ರವ್ಯವನ್ನು ಬೇಕೆಂದೇ ಬೆರೆಸುತ್ತಾರೆ. ಯಾವ ಅನಿಲವೇ ಆಗಲಿ, ವಾಸನೆ ಬಂದಾಗ ಸ್ವಿಚ್ಚು ಒತ್ತಬಾರದು, ಹಾಕುವುದಕ್ಕೂ ಸರಿ, ಆರಿಸುವುದಕ್ಕೂ ಸರಿ. ಕಣ್ಣೂರು-ಕಾಸರಗೋಡು-ಮಾಹೆಗೆ ಮನೆಮನೆ ಅನಿಲ ಹಂಚುವ ಪರವಾನಿಗೆ 2018ರಲ್ಲಿ ಇಂಡಿಯನ್ ಆಯಿಲ್-ಅದಾನಿ ಜಂಟಿ ಕಂಪೆನಿಗೂ, ಗಡಿಯಾಚೆಯ ದಕ್ಷಿಣ ಕನ್ನಡಕ್ಕೆ ಗೇಲ್ ಗ್ಯಾಸಿಗೂ ದೊರೆಯಿತು. ಗಡಿಯಾಚೆ ಕನ್ನಡದಲ್ಲಿ ಸುರಕ್ಷಾ ಕೈಪಿಡಿ ಅಚ್ಚು ಹಾಕುವುದು ಹೇಗೂ ಅನಿವಾರ್ಯ. ಅದನ್ನೇ ಹೊಳೆ ದಾಟಿಸಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಮನೆಗಳಿಗೂ ಕೊಡಲು ಬೇಕಾದ ಖರ್ಚು ಕಾಗದದ್ದು ಮಾತ್ರ. ನಮ್ಮ ರಕ್ಷಕ-ಶಿಕ್ಷಕ ಸಂಘಗಳ ಮುಂದಿನ ಸಭೆಗಳಲ್ಲಿ ಈ ಬೇಡಿಕೆಯ ನಿರ್ಣಯ ಮಂಡಿಸಿ ಪಂಚಾಯತಿಗೂ ಕಂಪೆನಿಗೂ ಕಳುಹಿಸಬಹುದು.

ಮತ್ತೊಂದು ಕೆಲಸ ಮನೆಯಲ್ಲಿಯೇ ಮಾಡಬೇಕಾದದ್ದು. ಕೊಳವೆ ಹಾದುಹೋದ ಭೂಮಿ ಪಾಲಾಗುವಾಗ, ಮಾರಾಟವಾಗುವಾಗ, ಬಳಕೆಯ ಹಕ್ಕಿನ ನಿರ್ಬಂಧವೂ ಅದರೊಂದಿಗೆ ಹೋಗುತ್ತದೆ. ನಾಳೆ ಮನೆ ಕಟ್ಟಲು ಹೊರಡುವ ಮಗನಿಗೋ ಮಗಳಿಗೋ ಇದು ಗೊತ್ತಿರುವುದಿಲ್ಲ. ನೆಲದ ಮೇಲಿರುವ ಗುರುತಿನ ಕಲ್ಲು ಪೊದೆಯಲ್ಲಿ ಮುಚ್ಚಿಹೋಗಿರಬಹುದು. ಭೂಮಿಯ ಆಧಾರ, ತೆರಿಗೆ ರಶೀದಿ ಇಡುವ ಪೆಟ್ಟಿಗೆಯಲ್ಲಿ ಆ ಪ್ರಕಟಣೆಯ ಪ್ರತಿಯನ್ನೂ, ಕೊಳವೆ ಯಾವ ಸರ್ವೆ ನಂಬರಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ಒಂದು ನಕ್ಷೆಯನ್ನೂ ಕನ್ನಡದಲ್ಲಿ ಬರೆದು ಇಟ್ಟಿರಿ.